ನೀರು ಸೋರಿದ ಜಾಡು

ನಮ್ಮ ಸಂಸಾರಕ್ಕೆ ಹಳೆಯ ಲಾರಿಯೊಂದೇ ಜೀವನಾಧಾರವು. ಅದರ ರೇಡಿಯೇಟರಿಗೆ ದಿನವೂ ಒಂದು ತಂಬಿಗೆ ಕೂಲೆಂಟು ಬೆರಸಿದ ನೀರನ್ನು ಎರೆಯಬೇಕಾಗಿ ಬಂದಿತು. ನೆಲದ ಮೇಲಾದರೋ ಒಂದು ಹನಿಯೂ ಕಾಣದು. ನೀರು ತೀರಿ ಎಂಜಿನು ಅತಿಯಾಗಿ ಕಾದರೆ ಸಿಲಿಂಡರಿನ ಹೆಡ್ಡು ಸೊಟ್ಟಗಾಗುವುದು. ಆ ದುರಸ್ತಿಯ ವೆಚ್ಚವು ನಮ್ಮಂಥವರಿಗೆ ತಾಳತಕ್ಕುದಲ್ಲ.

ಹೊಸ ರೇಡಿಯೇಟರನ್ನೇ ಹಾಕಿಸಿರೆಂದು ಹಲವರು ಹೇಳಿದರು. ನಾವು ಮೊದಲು ಜಾಡು ಹಿಡಿಯಲು ನಿಶ್ಚಯಿಸಿದೆವು. ಎಂಜಿನು ಪೂರ್ಣವಾಗಿ ಆರಿದ ಬಳಿಕ ರೇಡಿಯೇಟರಿನ ಬಾಯಿಗೆ ಕೈಪಂಪನ್ನು ಜೋಡಿಸಿ, ಮುಚ್ಚಳದ ಮೇಲೆ ನಮೂದಿಸಿರುವಷ್ಟೇ ಒತ್ತಡವನ್ನು ಕೊಟ್ಟೆವು. ಮಾಪಕದ ಮುಳ್ಳು ಮೆಲ್ಲನೆ ಇಳಿಯಿತು. ರಬ್ಬರು ಕೊಳವೆಗಳೆಲ್ಲವೂ ಒಣಗಿದ್ದುವು. ನೀರಿನ ಪಂಪಿನ ಅಡಿಯ ಸಣ್ಣ ರಂಧ್ರದಲ್ಲಿ ಮಾತ್ರ ಹನಿಯೊಂದು ಮೂಡಿತು. ಒಳಗಿನ ಸೀಲು ಸವೆದುದನ್ನು ತಿಳಿಸುವುದಕ್ಕಾಗಿಯೇ ಆ ರಂಧ್ರವಿರುವುದು, ಅದನ್ನು ಮುಚ್ಚಬಾರದು. ಓಡುವಾಗ ಆ ಹನಿಯು ನೆಲ ಮುಟ್ಟುವ ಮೊದಲೇ ಬಿಸಿಗೆ ಆರಿ, ಕರೆಯನ್ನಷ್ಟೇ ಉಳಿಸುತ್ತಿದ್ದಿತು.

ಪಂಪನ್ನು ಬದಲಾಯಿಸಿದೆವು, ಮುಳ್ಳು ಕದಲದೆ ನಿಂತಿತು.

ಮುಳ್ಳು ಇಳಿದೂ ಹೊರಗೆ ಹನಿ ಕಾಣದಿದ್ದಲ್ಲಿ ಎಂಜಿನಿನ ಎಣ್ಣೆಯನ್ನು ಪರೀಕ್ಷಿಸತಕ್ಕುದು. ಅದು ಹಾಲು ಬೆರೆತಂತಿದ್ದರೆ ನೀರು ಒಳಕ್ಕೆ ಸೋರುತ್ತಿರುವುದೆಂದು ತಿಳಿದು, ಗಾಡಿಯನ್ನು ಓಡಿಸದೆ ನಿಲ್ಲಿಸಬೇಕು. ಕಾದ ಎಂಜಿನಿನ ಮುಚ್ಚಳವನ್ನಂತೂ ಎಂದಿಗೂ ತೆರೆಯಕೂಡದು. ಒತ್ತಡದೊಳಗಿನ ನೀರು 100 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿಯೂ ಕುದಿಯದೆ ಇದ್ದು, ತೆರೆದೊಡನೆ ಮುಖಕ್ಕೆ ಚಿಮ್ಮುವುದು.