ಓಡದ ಬಂಡಿಯೂ ಕಾಯಕದ ಪ್ರಶ್ನೆಯೂ



ಬೆಳ್ಳಂದೂರಿನ ನಮ್ಮ ವಸತಿ ಸಮುಚ್ಚಯದ ಅಂಗಳದಲ್ಲಿ, ಕಾವಲುಗಾರರ ಕೋಣೆಯ ಪಕ್ಕದಲ್ಲಿ, ಬೂದುಬಣ್ಣದ ಹೊದಿಕೆ ಹೊದ್ದ ಕಾರೊಂದು ಹಲವು ವರ್ಷಗಳಿಂದ ನಿಂತಿತ್ತು. ಅದು ನಮ್ಮ ತಂದೆಯವರು 1996ರಲ್ಲಿ ಕೊಂಡ ಮರ್ಸಿಡಿಸ್ ಬೆಂಜ್ ಇ 220. ಅದನ್ನು ಇಟ್ಟುಕೊಳ್ಳಬೇಕೋ ಮಾರಬೇಕೋ ಎಂಬ ಪ್ರಶ್ನೆ ಬಹುಕಾಲ ನನ್ನನ್ನು ಕಾಡಿತು. ಇದು ಉಳ್ಳವರ ಚಿಂತೆ, ಇಂಥ ಪುಟದಲ್ಲಿ ಇದಕ್ಕೇನು ಸ್ಥಾನ ಎಂದು ತಾವು ಕೇಳಬಹುದು. ನಾನೂ ಹಾಗೆಯೇ ಭಾವಿಸಿ ಇದನ್ನು ಬರೆಯದೆ ಉಳಿದಿದ್ದೆ. ಆದರೆ ಈ ಪ್ರಶ್ನೆಯೊಳಗೆ ಇನ್ನೊಬ್ಬರ ಅನ್ನದ ಮಾತೂ ಸೇರಿಕೊಂಡಿದೆ ಎಂಬುದು ತಡವಾಗಿ ತಿಳಿದ ಕಾರಣ, ಈಗ ತಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮ ತಂದೆಯವರು ತಿಪಟೂರು ಸೀಮೆಯ ಹಳ್ಳಿಯಿಂದ ಬೆಂಗಳೂರಿಗೆ ಬಂದು ಟರ್ನರ್ ಕೆಲಸ ಕಲಿತವರು. ಪೀಣ್ಯ ಕೈಗಾರಿಕಾ ಪ್ರದೇಶವು ಬೆಳೆಯುತ್ತಿದ್ದ ಎಪ್ಪತ್ತರ ದಶಕದಲ್ಲಿ ಹಳೆಯ ಲೇತ್ ಒಂದನ್ನು ಕೊಂಡು, ಬಾಡಿಗೆಯ ಶೆಡ್ಡಿನಲ್ಲಿ ಬುಷ್ಷು, ಶಾಫ್ಟುಗಳನ್ನು ಕಡೆಯಲಾರಂಭಿಸಿದರು. ಇಪ್ಪತ್ತು ವರ್ಷಗಳ ದುಡಿಮೆಯ ಮೇಲೆ ಅವರು ತಮಗಾಗಿ ಕೊಂಡ ಒಂದೇ ಒಂದು ವೈಭವದ ವಸ್ತು ಈ ಕಾರು. ಬೆಂಜ್ ಸಂಸ್ಥೆಯು 1994ರಲ್ಲಿ ಭಾರತಕ್ಕೆ ಬಂದು, ಮರುವರ್ಷದಿಂದ ಪುಣೆಯಲ್ಲಿ ಈ ಮಾದರಿಯನ್ನು ಜೋಡಿಸಿ ಮಾರತೊಡಗಿದ ಕಾಲವದು. ಬಾಗಿಲು ಮುಚ್ಚಿದಾಗ ಬರುವ ಸದ್ದನ್ನು ಕೇಳಿ, ‘ಇದನ್ನು ಮಾಡಿದವನು ಅಳತೆ ಬಲ್ಲವನು’ ಎಂದು ಅವರು ಹೇಳುತ್ತಿದ್ದರು. ಮೆಚ್ಚಿದ್ದು ಕಾರಿನ ಮೂತಿಯ ಮೇಲಿನ ನಕ್ಷತ್ರವನ್ನಲ್ಲ, ಅದರ ಹಿಂದಿನ ಕೈಗೆಲಸವನ್ನು. ಬೆಳಿಗ್ಗೆ ಏಳು ಗಂಟೆಗೆ ಅದೇ ಕಾರಿನಲ್ಲಿ ಪೀಣ್ಯಕ್ಕೆ ಹೋಗಿ, ಎಣ್ಣೆಮೆತ್ತಿದ ನೀಲಿ ಅಂಗಿ ತೊಟ್ಟು ಯಂತ್ರದ ಮುಂದೆ ನಿಲ್ಲುತ್ತಿದ್ದರು.

2013ರಲ್ಲಿ ಅವರು ಲಿಂಗೈಕ್ಯರಾದರು. ಕಾರ್ಖಾನೆ ಬೇರೆಯವರ ಕೈ ಸೇರಿತು. ನಾನು ಬೆಳ್ಳಂದೂರಿಗೆ ಮನೆ ಬದಲಿಸಿದಾಗ ತಾಯಿಯವರೂ ಆ ಕಾರೂ ನನ್ನೊಡನೆ ಬಂದರು. ಅಂದಿನಿಂದ ಅದು ವರ್ಷಕ್ಕೆ ಮುನ್ನೂರು ಕಿಲೋಮೀಟರನ್ನೂ ಸರಿಯಾಗಿ ಓಡಲಿಲ್ಲ. ಹೊರವರ್ತುಲ ರಸ್ತೆಯ ದಟ್ಟಣೆಯಲ್ಲಿ ಅಷ್ಟು ಉದ್ದನೆಯ, ಅಷ್ಟು ಹಳೆಯ ಬಂಡಿಯನ್ನು ಇಬ್ಬಲೂರಿನ ತಿರುವು ದಾಟಿಸುವ ಹೊತ್ತಿಗೆ ಎಂಜಿನ್ನಿಗಿಂತ ಮೊದಲು ನನ್ನ ತಲೆ ಕಾಯುತ್ತಿತ್ತು. ಹಾಗಾಗಿ ಹಬ್ಬ ಹುಣ್ಣಿಮೆಗೊಮ್ಮೆ ತೆಗೆಯುವುದು, ಒರೆಸುವುದು, ಮತ್ತೆ ಹೊದಿಸುವುದು. ಇದನ್ನೇ ನಾನು ‘ಕಾಪಾಡುವುದು’ ಎಂದುಕೊಂಡಿದ್ದೆ.

ನಿಂತ ಕಾರು ಹಾಗೆಯೇ ಉಳಿಯುತ್ತದೆ ಎಂಬುದು ನಮ್ಮ ಭ್ರಮೆ. ಬ್ಯಾಟರಿ ತಾನಾಗಿಯೇ ಬರಿದಾಗುತ್ತದೆ. ಒಂದೇ ಜಾಗದಲ್ಲಿ ಭಾರ ಹೊತ್ತ ಟೈರು ಚಪ್ಪಟೆಯಾಗುತ್ತದೆ. ಓಡದಿದ್ದರೂ ವರ್ಷಗಳು ಕಳೆದಂತೆ ರಬ್ಬರು ಬಿರಿಯುತ್ತದೆ. ಬ್ರೇಕಿನ ತಟ್ಟೆಗೆ ತುಕ್ಕು ಹಿಡಿಯುತ್ತದೆ. ಬಾನೆಟ್ಟಿನ ಕೆಳಗಿನ ಬೆಚ್ಚನೆಯ ತಾವಿನಲ್ಲಿ ಇಲಿಗಳು ತಂತಿ ಕಡಿಯುತ್ತವೆ. ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಯತೊಡಗಿದ ಮೇಲೆ ಇನ್ನೊಂದು ಚಿಂತೆ ಸೇರಿತು. ಎಥನಾಲ್ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಅದು ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತರೆ, ಆ ಇಂಧನಕ್ಕೆಂದು ರೂಪಿಸದ ಹಳೆಯ ರಬ್ಬರು ಕೊಳವೆಗಳಿಗೂ ಲೋಹಕ್ಕೂ ಒಳಿತಲ್ಲ. ಓಡುವ ಕಾರು ಸವೆಯುತ್ತದೆ ನಿಜ, ನಿಂತ ಕಾರು ಕೊಳೆಯುತ್ತದೆ.

ಲೆಕ್ಕವನ್ನೂ ಒಮ್ಮೆ ಹಾಕಿದೆ. 1,500 ಸಿಸಿಗಿಂತ ದೊಡ್ಡ ಎಂಜಿನ್ನಿನ ಕಾರಿಗೆ 2022ರಲ್ಲಿ ನಿಗದಿಯಾದ ಕಡ್ಡಾಯ ವಿಮೆಯ ದರವೇ ವರ್ಷಕ್ಕೆ 7,897 ರೂಪಾಯಿ, ತೆರಿಗೆ ಬೇರೆ. ಬ್ಯಾಟರಿ, ಟೈರು, ಎಣ್ಣೆ, ಇಲಿ ಕಡಿದ ತಂತಿ ಎಲ್ಲವೂ ಸೇರಿ ನನಗೆ ವರ್ಷಕ್ಕೆ ಸರಾಸರಿ 60,000 ರೂಪಾಯಿ ಖರ್ಚಾಗುತ್ತಿತ್ತು. ಮುನ್ನೂರು ಕಿಲೋಮೀಟರಿಗೆ ಭಾಗಿಸಿದರೆ ಕಿಲೋಮೀಟರೊಂದಕ್ಕೆ 200 ರೂಪಾಯಿ. 2025ರ ಆಗಸ್ಟಿನಲ್ಲಿ ಪರಿಷ್ಕರಿಸಿದ ಬೆಂಗಳೂರಿನ ಆಟೋ ದರವೇ ಕಿಲೋಮೀಟರಿಗೆ 18 ರೂಪಾಯಿ! ಆದರೂ ಲೆಕ್ಕದಿಂದ ಮನಸ್ಸು ಬದಲಾಗಲಿಲ್ಲ. ‘ಇದು ತಂದೆಯವರ ಕಾಯಕದ ಫಲ, ಇದಕ್ಕೆ ಬೆಲೆ ಕಟ್ಟಬಾರದು’ ಎಂದು ಸಮಾಧಾನ ಹೇಳಿಕೊಂಡೆ. ಕಾಯಕವೆಂಬ ಪದ ನನ್ನ ನಾಲಗೆಯ ಮೇಲೆ ಎಷ್ಟು ಸುಲಭವಾಗಿ ಬಂದಿತೆಂಬುದನ್ನು ಗಮನಿಸಿ.

ಇನ್ನು ಮಳೆಯ ಸಂಗತಿಗೆ ಬರುತ್ತೇನೆ. 2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿನಲ್ಲಿ ಸುಮಾರು 130 ಮಿಲಿಮೀಟರ್ ಮಳೆ ಸುರಿಯಿತು. ಕೆರೆಯಿಂದ ಕೆರೆಗೆ ಹರಿಯುತ್ತಿದ್ದ ರಾಜಕಾಲುವೆಗಳ ದಾರಿಯಲ್ಲಿ ನಾವೆಲ್ಲ ಮನೆ ಕಟ್ಟಿಕೊಂಡಿರುವುದನ್ನು ನೀರು ಅಂದು ನೆನಪಿಸಿತು. ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಜಲಾವೃತವಾದವು. ಕೋಟಿಗಳ ಬೆಲೆಯ ಬೆಂಟ್ಲಿ, ಲೆಕ್ಸಸ್ ಕಾರುಗಳು ನೀರಿನಲ್ಲಿ ಮುಳುಗಿ ನಿಂತ ಚಿತ್ರಗಳನ್ನೂ, ಅವುಗಳ ನೆರೆಹೊರೆಯವರು ಟ್ರ್ಯಾಕ್ಟರ್ ಏರಿ ಹೊರಬಂದ ಚಿತ್ರಗಳನ್ನೂ ದೇಶವೆಲ್ಲ ನೋಡಿತು.

ಆಗ ನಮ್ಮ ಕಾರು ನೆಲಮಾಳಿಗೆಯಲ್ಲಿತ್ತು. ನಸುಕಿನಲ್ಲಿ ನೀರು ನುಗ್ಗುತ್ತಿದೆಯೆಂದು ಗೊತ್ತಾಗಿ ಓಡಿದೆ. ಉಳಿದವರು ತಮ್ಮ ತಮ್ಮ ಕಾರುಗಳನ್ನು ಚಾಲೂ ಮಾಡಿ ಮೇಲೇರಿಸಿದರು. ನಮ್ಮದು ಮಿಸುಕಲಿಲ್ಲ, ಬ್ಯಾಟರಿ ಸತ್ತಿತ್ತು. ಕಾವಲುಗಾರರಲ್ಲಿ ಮೂವರು ಬಂದು, ಮೊಣಕಾಲುದ್ದದ ನೀರಿನಲ್ಲಿ ನಿಂತು, ಸುಮಾರು ಒಂದೂವರೆ ಟನ್ ಭಾರದ ಆ ಬಂಡಿಯನ್ನು ಇಳಿಜಾರಿನ ಮೇಲೆ ತಳ್ಳಿದರು. ನಾನು ಸ್ಟಿಯರಿಂಗ್ ಹಿಡಿದು ಕುಳಿತಿದ್ದೆ. ಮೇಲೆ ಬಂದೊಡನೆ ಅವರಲ್ಲೊಬ್ಬ ಯುವಕ ಮಾತಿಲ್ಲದೆ ಮತ್ತೆ ಕೆಳಗೆ ಓಡಿದ. ನೆಲಮಾಳಿಗೆಯ ಕೊನೆಯ ಮೂಲೆಯಲ್ಲಿ ಅವನ ಬೈಕು ಇತ್ತು. ಕಾವಲುಗಾರರ ವಾಹನಗಳಿಗೆ ಬೇರೆ ಜಾಗವಿರಲಿಲ್ಲ. ಅವನು ತಲುಪುವ ಹೊತ್ತಿಗೆ ಅದರ ಹ್ಯಾಂಡಲ್ಲಿನ ಕನ್ನಡಿಗಳು ಮಾತ್ರ ನೀರಿನ ಮೇಲೆ ಕಾಣುತ್ತಿದ್ದವು.

ಸಿಂಧನೂರು ಕಡೆಯ ಹುಡುಗ ಅವನು. ರಾತ್ರಿ ಕಾವಲು ಕಾಯುವುದು, ಹಗಲು ಅದೇ ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುವುದು, ಇವು ಅವನ ಎರಡು ಕಾಯಕಗಳು. ಓಡುವ ಬಂಡಿ ಮುಳುಗಿತು, ಓಡದ ಬಂಡಿ ಉಳಿಯಿತು. ಬೈಕಿನ ದುರಸ್ತಿಯ ಹಣವನ್ನು ನಾನು ಕೊಟ್ಟೆ, ಅವನು ಸಂಕೋಚದಿಂದ ತೆಗೆದುಕೊಂಡ. ಅಷ್ಟಕ್ಕೆ ಋಣ ತೀರಿತೆಂದು ನಾನು ನೆಮ್ಮದಿಯಾಗಿದ್ದೆ. ಬೈಕು ಗ್ಯಾರೇಜಿನಿಂದ ಮರಳಲು ಎರಡು ವಾರ ಹಿಡಿಯಿತೆಂದೂ, ಆ ಎರಡು ವಾರ ಅವನ ಹಗಲಿನ ದುಡಿಮೆ ನಿಂತು ಊರಿಗೆ ಹಣ ಹೋಗಲಿಲ್ಲವೆಂದೂ ನನಗೆ ತಿಳಿದದ್ದು ಅವನು ಕೆಲಸ ಬಿಟ್ಟುಹೋದ ಮೇಲೆ, ಇನ್ನೊಬ್ಬ ಕಾವಲುಗಾರನ ಬಾಯಿಂದ. ಅವನು ಕೇಳಿರಲಿಲ್ಲ, ನಾನು ವಿಚಾರಿಸಿರಲಿಲ್ಲ.

ಇಲ್ಲಿ ನನಗೆ ಆಯ್ದಕ್ಕಿ ಲಕ್ಕಮ್ಮನವರ ನೆನಪಾಗುತ್ತದೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಆ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದ ಕಥೆಯನ್ನು ತಾವೆಲ್ಲ ಬಲ್ಲಿರಿ. ಈ ಕಥೆಯನ್ನು ನಾವು ಸಾಮಾನ್ಯವಾಗಿ ಆಸೆಯ ನಿರಾಕರಣೆ ಎಂದಷ್ಟೇ ವಿವರಿಸುತ್ತೇವೆ. ನನಗೆ ಈಚೆಗೆ ಅದರಲ್ಲಿ ಇನ್ನೊಂದು ಅಂಶ ಕಂಡಿತು. ಲಕ್ಕಮ್ಮನವರು ಅಕ್ಕಿಯನ್ನು ಮರಳಿಸಿದ್ದು ಅದು ಇನ್ನೂ ಅಕ್ಕಿಯಾಗಿದ್ದಾಗ. ಮರುದಿನ ನೋಡೋಣ, ಮುಂದಿನ ವರ್ಷ ನೋಡೋಣ ಎಂದು ಮಡಕೆಯಲ್ಲಿ ಇಟ್ಟಿದ್ದರೆ ಅದು ಹುಳು ಹಿಡಿದು ಯಾರ ಹಸಿವಿಗೂ ಒದಗುತ್ತಿರಲಿಲ್ಲ. ಹೆಚ್ಚಾದದ್ದನ್ನು ಬಿಡುವುದಕ್ಕೂ ಒಂದು ಹೊತ್ತು ಇದೆ.

ಶರಣರು ಸಂಪತ್ತನ್ನು ಹಳಿದವರಲ್ಲ, ದುಡಿದು ಪಡೆದುದನ್ನು ಬಳಸಬೇಡಿರೆಂದೂ ಹೇಳಿದವರಲ್ಲ. ತಂದೆಯವರು ಆ ಕಾರನ್ನು ಕೊಂಡದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಅವರ ಕೈಯಲ್ಲಿ ಅದು ದುಡಿಯುತ್ತಿತ್ತು. ನನ್ನ ಕೈಯಲ್ಲಿ ಅದು ಇನ್ನೊಬ್ಬರಿಂದ ದುಡಿಸಿಕೊಳ್ಳುತ್ತಿತ್ತು. ಕಾಯಕದ ಫಲವೆಂದು ನಾನು ಹೊದಿಸಿ ಇಟ್ಟದ್ದರಲ್ಲಿ ನನ್ನ ಬೆವರಿನ ಒಂದು ಹನಿಯೂ ಇರಲಿಲ್ಲ.

ಇಷ್ಟಾದರೂ ನಾನು ನಿರ್ಧರಿಸದಿರಲು ಕಾರಣ ತಾಯಿಯವರು. ಎಂಬತ್ತು ದಾಟಿದ ಜೀವ. ಆ ಕಾರಿನ ಹಿಂದಿನ ಎಡಗಡೆಯ ಆಸನ ಅವರದು. ಮಾರುವ ಮಾತೆತ್ತಿದರೆ ನೊಂದುಕೊಳ್ಳುವರೆಂದು ನಾನೇ ಊಹಿಸಿ, ಒಮ್ಮೆಯೂ ಕೇಳಿರಲಿಲ್ಲ. ಹೊರದೇಶದಲ್ಲಿರುವ ಅಕ್ಕನಂತೂ ಫೋನಿನಲ್ಲಿ, “ಅಪ್ಪಾಜಿ ಕಾರು ಮಾರ್ತೀಯೇನೋ? ಜಾಗ ಇದೆ, ನಿಂತಿರಲಿ ಬಿಡು” ಎಂದಿದ್ದಳು. ಆದರೆ ಕಾಲ ಹತ್ತಿರ ಬಂದಿತು. ಖಾಸಗಿ ಕಾರಿನ ನೋಂದಣಿಗೆ ಮೊದಲು 15 ವರ್ಷ, ಅನಂತರ ಪ್ರತಿ ಬಾರಿಗೆ 5 ವರ್ಷ ಆಯುಸ್ಸು. 2011, 2016, 2021ರಲ್ಲಿ ನವೀಕರಿಸಿದ್ದಾಗಿತ್ತು, 2026ಕ್ಕೆ ಮತ್ತೆ ಸರದಿ. 20 ವರ್ಷ ಮೀರಿದ ಕಾರಿನ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರವು 2025ರ ಆಗಸ್ಟಿನಲ್ಲಿ 10,000 ರೂಪಾಯಿಗೆ ಏರಿಸಿದೆ. ತಂದೆಯವರ ಅನಂತರ ನೋಂದಣಿ ತಾಯಿಯವರ ಹೆಸರಿಗೆ ವರ್ಗವಾಗಿತ್ತು. ನವೀಕರಿಸಲಿ, ಮಾರಲಿ, ಅವರ ರುಜು ಬೇಕು. ಹಾಗಾಗಿ ಒಂದು ಸಂಜೆ ಕೇಳಲೇಬೇಕಾಯಿತು.

ಅವರು ಇಷ್ಟಲಿಂಗಪೂಜೆ ಮುಗಿಸಿ ಕುಳಿತಿದ್ದರು. ನನ್ನ ಮಾತನ್ನು ಪೂರ್ತಿ ಕೇಳಿ, “ನಿಂತ ಮಿಷನ್ನಿಗೆ ನಿಮ್ಮಪ್ಪ ಎರಡು ತಿಂಗಳ ಮೇಲೆ ಜಾಗ ಕೊಟ್ಟೋರಲ್ಲ. ನೀನ್ಯಾಕಪ್ಪ ಹತ್ತು ವರ್ಷದ ಮೇಲೂ ಕೊಟ್ಟೆ?” ಎಂದರು.

ನಾನು ಮಾತಾಡದೆ ಕುಳಿತೆ. ಅವರೇ ಹಳೆಯದೊಂದನ್ನು ನೆನಪಿಸಿದರು. ಕೆಲಸ ಕಡಿಮೆಯಾಗಿ ಒಂದು ಕ್ಯಾಪ್‌ಸ್ಟನ್ ಲೇತ್ ಎರಡು ತಿಂಗಳು ನಿಂತಾಗ, ಗುಜರಿಯವನು ಕೇಳಿದ ಬೆಲೆಗಿಂತ ಕಡಿಮೆಗೆ ಅದನ್ನು ತಂದೆಯವರು ತಮ್ಮಲ್ಲೇ ದುಡಿದು, ರಾಜಗೋಪಾಲನಗರದಲ್ಲಿ ಸ್ವಂತ ಶೆಡ್ ಹಾಕಿದ್ದ ಕೆಲಸಗಾರನಿಗೆ ಕೊಟ್ಟರಂತೆ. “ನಿನಗೆ ಅಪ್ಪನ ಕಾರು ಅಂತ ಆಸೆ ಇದೆ ಅಂದ್ಕೊಂಡು ನಾನು ಸುಮ್ಮನಿದ್ದೆ” ಎಂದೂ ಹೇಳಿದರು. ನನಗಾಗಿ ಅವರು, ಅವರಿಗಾಗಿ ನಾನು, ಇಬ್ಬರಿಗೂ ಬೇಡದ ಹೊರೆಯನ್ನು ಇಷ್ಟು ವರ್ಷ ಹೊತ್ತಿದ್ದೆವು. ಒಂದು ಮಾತು ಕೇಳಿದ್ದರೆ ಸಾಕಿತ್ತು. ಆ ಮಳೆಗೆ ಮುನ್ನವೇ ಕೇಳಬಹುದಿತ್ತು.

ಕೊಳ್ಳಲು ಇಬ್ಬರು ಬಂದರು. ಒಬ್ಬರು ಬಿಡಿಭಾಗಗಳ ವ್ಯಾಪಾರಿ, ಹೆಚ್ಚು ಬೆಲೆ ಹೇಳಿದರು. ಅದರಲ್ಲಿ ಹೀನವಾದದ್ದೇನೂ ಇಲ್ಲ. ಒಂದು ಕಾರಿನ ಅಂಗಗಳು ಇನ್ನು ನಾಲ್ಕು ಕಾರುಗಳನ್ನು ಓಡಿಸುತ್ತವೆಯಾದರೆ ಅದೂ ಸದುಪಯೋಗವೇ. ಇನ್ನೊಬ್ಬರು ಮೈಸೂರಿನ ಕಡೆ ಸ್ವಂತ ಗ್ಯಾರೇಜು ನಡೆಸುವ ಮೆಕ್ಯಾನಿಕ್, ಇದೇ ಮಾದರಿಯನ್ನು ಬಿಚ್ಚಿ ಜೋಡಿಸಿದ ಕೈ. ಬೆಲೆ ಕಡಿಮೆ. ಬಾನೆಟ್ ತೆಗೆದು ಬಹಳ ಹೊತ್ತು ನೋಡಿ, “ಇದಕ್ಕೆ ಏನೂ ಆಗಿಲ್ಲ ಸಾರ್, ಓಡಿಸಿಲ್ಲ ಅಷ್ಟೇ” ಎಂದರು. ಇನ್ನೂ ಓಡಬಲ್ಲದ್ದನ್ನು ಓಡಿಸಬಲ್ಲವರಿಗೆ ಕೊಡೋಣವೆಂದು ತಾಯಿಯವರೇ ಹೇಳಿದರು. ಅಕ್ಕನನ್ನೂ ಅವರೇ ಒಪ್ಪಿಸಿದರು.

ಹೀಗೆ ಮಾರುವವರಿದ್ದರೆ ಒಂದು ಮಾತು. ಹಣ ಪಡೆದು ಕೀಲಿಕೈ ಕೊಟ್ಟರೆ ಹೊಣೆ ಕಳಚುವುದಿಲ್ಲ. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಕಾರು ಕೈಬದಲಾಗಿದ್ದರೂ ಅಪಘಾತದ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿದೆ. ನಮೂನೆ 29 ಮತ್ತು 30ನ್ನು ತುಂಬಿ, ಸಾರಿಗೆ ಕಚೇರಿಯಲ್ಲಿ ಹೆಸರು ಬದಲಾಗುವವರೆಗೂ ಬೆನ್ನುಹತ್ತಬೇಕು. ಬಿಡುವುದನ್ನೂ ಕ್ರಮವಾಗಿ ಬಿಡಬೇಕು. ತಾಯಿಯವರು ಕನ್ನಡಕ ಹಾಕಿಕೊಂಡು ಎರಡೂ ನಮೂನೆಗಳಿಗೆ ನಿಧಾನವಾಗಿ ರುಜು ಮಾಡಿದರು. ಅದಕ್ಕೆ ಮುನ್ನ ಒಂದು ಭಾನುವಾರ ಬೆಳಗಿನ ಜಾವ ಅವರನ್ನು ಹಿಂದಿನ ಎಡಗಡೆಯ ಆಸನದಲ್ಲಿ ಕೂರಿಸಿಕೊಂಡು ಪೀಣ್ಯದವರೆಗೆ ಹೋಗಿಬಂದೆ. ಹಳೆಯ ಶೆಡ್ಡಿನ ಬಾಗಿಲು ಮುಚ್ಚಿತ್ತು. ಅವರು ಇಳಿಯಲಿಲ್ಲ, ಗಾಜು ಇಳಿಸಿ ಸ್ವಲ್ಪ ಹೊತ್ತು ನೋಡಿದರು, ಹೊರಡು ಎಂದರು.

ಕಾರು ಮಾರಿದ ಮಾತ್ರಕ್ಕೆ ನಾನು ಅಪರಿಗ್ರಹಿಯಾದೆನೆಂದು ಹೇಳಿಕೊಳ್ಳುವುದಿಲ್ಲ. ಆ ಹುಡುಗನ ಎರಡು ವಾರದ ಕೂಲಿಯನ್ನು ಕೊಡಬೇಕೆಂದು ವಿಚಾರಿಸಿದೆ. ಅವನ ಹಳೆಯ ಮೊಬೈಲ್ ಸಂಖ್ಯೆ ಈಗ ಬಳಕೆಯಲ್ಲಿಲ್ಲ, ಊರಿನ ವಿಳಾಸ ಯಾರ ಬಳಿಯೂ ಇಲ್ಲ. ಆ ಋಣ ನನ್ನ ಮೇಲೆ ಹಾಗೆಯೇ ಇದೆ. ಮಳೆಯ ಅನಂತರ ನಮ್ಮ ನಿವಾಸಿಗಳ ಸಂಘ ಆ ಕಾರಿಗೆಂದು ಮೇಲಿನ ಅಂಗಳದಲ್ಲಿ ಜಾಗ ಕೊಟ್ಟಿತ್ತು. ಅದನ್ನು ಕಾವಲುಗಾರರ ಬೈಕುಗಳಿಗೆ ಬಿಡಬೇಕೆಂದು ಬರೆದುಕೊಟ್ಟೆ, ಸಂಘ ಒಪ್ಪಿತು. ಈಗ ಅಲ್ಲಿ ನಾಲ್ಕು ಬೈಕುಗಳು ನಿಲ್ಲುತ್ತವೆ. ಬೆಳಿಗ್ಗೆ ಪಾಳಿ ಮುಗಿಯುತ್ತಲೇ ಅವು ಹೊರಟುಹೋಗುತ್ತವೆ.

ತಮ್ಮ ಮನೆಯಲ್ಲಿಯೂ ಹಿರಿಯರ ಹೆಸರಿನಲ್ಲಿ ನಿಂತುಹೋದ ವಸ್ತುವೊಂದು ಇರಬಹುದು. ಅದನ್ನು ಯಾರಿಗಾಗಿ ಇಟ್ಟಿದ್ದೀರೋ ಅವರು ಇನ್ನೂ ಎದುರಿಗಿದ್ದರೆ, ಇಂದೇ ಒಮ್ಮೆ ಕೇಳಿ ನೋಡಿ.