ಚಿಕ್ಕಮ್ಮನ ಕೊಟ್ಟಿಗೆಯಲ್ಲಿ ಎರಡು ದಿನ

ಬೆಳಗ್ಗೆ ಬಾಗಿಲು ತೆಗೆದರೆ ಹಾಲಿನ ಪ್ಯಾಕೆಟ್ಟು ಬಂದು ಬಿದ್ದಿರುತ್ತದೆ. ಕತ್ತರಿಸಿ, ಕಾಯಿಸಿ, ಕಾಫಿಗೆ ಸುರಿದುಕೊಂಡರೆ ನಮ್ಮ ನಿಮ್ಮ ಪಾಲಿಗೆ ಹಾಲಿನ ಕಥೆ ಅಲ್ಲಿಗೆ ಮುಗಿಯಿತು. ಅದು ಯಾರ ಮನೆಯ ಕೊಟ್ಟಿಗೆಯಿಂದ ಬಂತು, ಆ ಹಸು ಏನು ತಿಂದಿತು, ಏನು ಕುಡಿಯಿತು ಎಂದು ಎಂದಾದರೂ ಯೋಚಿಸಿದ್ದೀರಾ? ನಾನಂತೂ ಯೋಚಿಸಿರಲಿಲ್ಲ. ಕಳೆದ ಬೇಸಿಗೆಯಲ್ಲಿ ಕೋಲಾರದ ಚಿಕ್ಕಮ್ಮನ ಫೋನು ಬಂತು. "ಹಸುಗಳನ್ನೆಲ್ಲಾ ಮಾರಿಬಿಡೋಣ ಅಂತಾನೆ ಕಣೇ ನಿನ್ನ ತಮ್ಮ. ಗೌರಿ ಕರು ಹಾಕೈತೆ. ಒಂದ್ಸಲ ಬಂದು ನೋಡ್ಕೊಂಡು ಹೋಗು" ಎಂದಳು. ಅವಳ ದನಿ ಯಾಕೋ ಎಂದಿನಂತಿರಲಿಲ್ಲ. ಮಾರನೆಯ ದಿನವೇ ಬಸ್ಸು ಹತ್ತಿದೆ.

ಬೆಂಗಳೂರಿನಿಂದ ಕೋಲಾರ ಎಷ್ಟು ದೂರ? ಎಪ್ಪತ್ತು ಕಿಲೋಮೀಟರಿನ ಆಸುಪಾಸು, ಎರಡು ಗಂಟೆಯ ಹಾದಿ. ಹೊಸಕೋಟೆ ದಾಟಿದರೆ ನರಸಾಪುರ. ಅಲ್ಲಿ ಈಗ ರಸ್ತೆಯುದ್ದಕ್ಕೂ ಕಾರ್ಖಾನೆಗಳು. ಆಮೇಲೆ ಅಂತರಗಂಗೆಯ ಬಂಡೆ ಬೆಟ್ಟ ಕಾಣಿಸಿಕೊಳ್ಳುತ್ತದೆ. ಈ ಸೀಮೆಗೆ ಚಿನ್ನ, ರೇಷ್ಮೆ, ಹಾಲಿನ ನಾಡು ಎಂಬ ಹೆಸರಿದೆ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ರೇಷ್ಮೆಯ ಬೆಲೆ ಇವತ್ತು ಇದ್ದಂತೆ ನಾಳೆ ಇಲ್ಲ. ಉಳಿದದ್ದು ಹಾಲು. ವರ್ಷವಿಡೀ ಹರಿಯುವ ಒಂದು ನದಿಯಿಲ್ಲದ ಜಿಲ್ಲೆಯಲ್ಲಿ ಹಾಲಿನ ಹೊಳೆ ಹೇಗೆ ಹರಿಯಿತು ಎನ್ನುವುದೇ ಸೋಜಿಗ, ಅಲ್ಲವೆ?

ಸೀಮೆ ಹಸುವನ್ನು ಈ ಕಡೆ ಪರಿಚಯಿಸಿದವರೆಂದು ಎಂ.ವಿ. ಕೃಷ್ಣಪ್ಪನವರ ಹೆಸರನ್ನು ಇಲ್ಲಿನ ಹಿರಿಯರು ಇಂದಿಗೂ ನೆನೆಯುತ್ತಾರೆ. ಎಪ್ಪತ್ತರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ, ಗುಜರಾತಿನ ಆನಂದ್ ಮಾದರಿಯಲ್ಲಿ, ಊರೂರಿಗೆ ಹಾಲಿನ ಸಂಘಗಳು ಬಂದವು. ಅದಕ್ಕೆ ಮುಂಚೆ ಚಿಕ್ಕಮ್ಮನ ಅತ್ತೆಯ ಮನೆಯಲ್ಲಿ ಇದ್ದದ್ದು ಹಳ್ಳಿಕಾರ್ ತಳಿ. ಉಳುಮೆಗೆ ಅಂಥ ಎತ್ತು ಇನ್ನೊಂದಿಲ್ಲ; ಆದರೆ ಹಾಲು ಮನೆ ಮಂದಿಗೆ ಸಾಕಾದರೆ ಹೆಚ್ಚು. ಸೀಮೆ ಹಸು ಬಂದ ಮೇಲೆ ಹೊತ್ತಿಗೆ ಆರೇಳು ಲೀಟರು ಕರೆಯುವುದು ಮಾಮೂಲಾಯಿತು. ಜೊತೆಗೆ ಅದರ ಹಸಿವು ಬಾಯಾರಿಕೆಗಳೂ ಮನೆಗೆ ಬಂದವು ಎನ್ನಿ.

ನಾನು ಹೋದಾಗ ಚಿಕ್ಕಮ್ಮ ಕೊಟ್ಟಿಗೆಯಲ್ಲೇ ಇದ್ದಳು. ಮೊದಲು ನಾಲ್ಕು ಹಸು ಇದ್ದವು. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಒಂದು ಹೋಯಿತು. ಈಗ ಮೂರು. ಗೌರಿ ಕರು ಹಾಕಿ ಎರಡು ದಿನವಾಗಿತ್ತು, ಗಂಡು ಕರು. "ಹೆಣ್ಣಾಗಿದ್ರೆ ಮನೆಯೋರೆಲ್ಲಾ ನಗ್ತಿದ್ರು" ಎಂದಳು. ಟ್ರ್ಯಾಕ್ಟರು ಬಂದ ಮೇಲೆ ಗಂಡು ಕರುವಿಗೆ ಕೆಲಸವಿಲ್ಲ, ಮೇವು ಮಾತ್ರ ಬೇಕು. ಹೆಣ್ಣು ಕರುವೇ ಹುಟ್ಟುವಂಥ ಇಂಜೆಕ್ಷನ್ನು ಈಗ ಬಂದಿದೆಯಂತೆ. ಹೆಣ್ಣು ಹುಟ್ಟಲಿ ಎಂದು ದುಡ್ಡು ಕೊಡುವ ಕಾಲವೂ ಬಂತು ನೋಡಿ, ಕೊಟ್ಟಿಗೆಯಲ್ಲಾದರೂ!

ಇದು ಅಡುಗೆಯ ಪುಟವಲ್ಲ, ಆದರೂ ಗಿಣ್ಣಿನ ಮಾತು ಹೇಳದೆ ಹೇಗೆ ಮುಂದೆ ಹೋಗಲಿ? ಗಿಣ್ಣುಹಾಲು ಮೊದಲು ಕರುವಿಗೆ, ಅದೂ ಹುಟ್ಟಿದ ಒಂದೆರಡು ಗಂಟೆಯೊಳಗೆ. ರೋಗ ತಡೆಯುವ ಶಕ್ತಿ ಕರುವಿಗೆ ಬರುವುದು ಅದರಿಂದಲೇ. ಮಿಕ್ಕಿದ್ದಕ್ಕೆ ಚಿಕ್ಕಮ್ಮ ಅಷ್ಟೇ ಮಾಮೂಲಿ ಹಾಲು ಬೆರೆಸಿ, ಬೆಲ್ಲ ಕರಗಿಸಿ ಸೋಸಿ, ಏಲಕ್ಕಿ ಹಾಕಿ, ಇಡ್ಲಿ ಪಾತ್ರೆಯಲ್ಲಿ ಹಬೆಗಿಟ್ಟಳು. ಚಾಕು ಚುಚ್ಚಿದರೆ ಅಂಟದೆ ಬರಬೇಕು, ಅಷ್ಟೇ ಹದ. ಸೌದೆಯಿಲ್ಲ, ಸಿಲಿಂಡರೂ ಇಲ್ಲ. ನೀಲಿ ಉರಿಯ ಒಲೆ, ಗೋಬರ್ ಗ್ಯಾಸಿನದು.

ಈ ಗ್ಯಾಸಿನ ಗುಂಡಿಗೂ ಒಂದು ಕಥೆಯಿದೆ. 1981-82ರಲ್ಲಿ ಕೇಂದ್ರ ಸರ್ಕಾರ ಬಯೋಗ್ಯಾಸಿಗೆ ದೇಶಕ್ಕೆಲ್ಲಾ ಒಂದು ಯೋಜನೆ ತಂದಿತಲ್ಲ, ಆಮೇಲಿನ ವರ್ಷಗಳಲ್ಲಿ ಇವರ ಮನೆಯಲ್ಲೂ ಕಟ್ಟಿಸಿದರು. ಸಿಲಿಂಡರು ಬಂದ ಮೇಲೆ ಯಾರೂ ಅದರ ತಂಟೆಗೆ ಹೋಗಲಿಲ್ಲ. ಗುಂಡಿ ಬಿರುಕುಬಿಟ್ಟು ಹಾಳುಬಿತ್ತು. ಸಿಲಿಂಡರಿನ ಬೆಲೆ ಏರಿದಾಗ ಚಿಕ್ಕಮ್ಮ ತಾನೇ ಗಾರೆಯವನನ್ನು ಕರೆಸಿ ರಿಪೇರಿ ಮಾಡಿಸಿದಳು. ಎರಡು ಘನಮೀಟರಿನ ಗುಂಡಿ. ದಿನಕ್ಕೆ ಸುಮಾರು ಐವತ್ತು ಕಿಲೋ ಸಗಣಿ ಬೇಕು, ಮೂರು ಹಸುವಿನದು ಸರಿಹೋಗುತ್ತದೆ. ನಾಲ್ಕೈದು ಜನರ ಅಡುಗೆ ನಡೆಯುತ್ತದೆ. ಹೊರಬರುವ ಬಗ್ಗಡ ಹಿಪ್ಪುನೇರಳೆ ತೋಟಕ್ಕೆ ಒಳ್ಳೆಯ ಗೊಬ್ಬರ. ಆದರೆ ಸಗಣಿಯಷ್ಟೇ ನೀರನ್ನೂ ಕಲಸಬೇಕಲ್ಲ! ಕೊಟ್ಟಿಗೆ ತೊಳೆದ ನೀರನ್ನೂ ಗಂಜಲವನ್ನೂ ಒಂದು ತೊಟ್ಟಿಗೆ ಹರಿಸಿ ಅದನ್ನೇ ಬಳಸುತ್ತಾಳೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ.

ಹಸುವಿನಿಂದ ಭೂಮಿ ಬಿಸಿಯಾಗುತ್ತದೆ ಎಂದು ನೀವೂ ಪೇಪರಿನಲ್ಲಿ ಓದಿರಬಹುದು. ಸುಳ್ಳಲ್ಲ. ನಾವು ಇಡ್ಲಿ ಹಿಟ್ಟು ಹುದುಗಿಸುತ್ತೇವಲ್ಲ, ಹಸುವಿನ ಹೊಟ್ಟೆಯೂ ಹಾಗೆಯೇ. ಹುಲ್ಲು ಒಳಗೆ ಹುದುಗಿ ಮೀಥೇನ್ ಎಂಬ ಅನಿಲ ಏಳುತ್ತದೆ. ಬಹುಪಾಲು ತೇಗಿನಲ್ಲಿ ಬಾಯಿಂದಲೇ ಹೊರಗೆ ಬರುತ್ತದೆ. ನೂರು ವರ್ಷದ ಲೆಕ್ಕ ಹಿಡಿದರೆ ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತೇಳು ಇಪ್ಪತ್ತೆಂಟು ಪಟ್ಟು ಶಾಖ ಹಿಡಿಯುವ ಅನಿಲ ಅದು. ಗುಂಡಿಯಲ್ಲಿ ಹಿಡಿದು ಒಲೆಯಲ್ಲಿ ಉರಿಸುವುದೂ ಅದನ್ನೇ. ತೇಗನ್ನು ಹಿಡಿಯಲಾಗುವುದಿಲ್ಲ ನಿಜ. ಆದರೆ ಬರೀ ಒಣಹುಲ್ಲು ತಿಂದು ಎರಡು ಲೀಟರು ಕೊಡುವ ಹಸುವೂ ತೇಗುತ್ತದೆ. ಹದವಾಗಿ ಹಿಂಡಿ, ಹಸಿಮೇವು, ಖನಿಜದ ಪುಡಿ ತಿಂದು ಹತ್ತು ಲೀಟರು ಕೊಡುವ ಹಸುವಿನಲ್ಲಿ ಲೀಟರಿನ ಲೆಕ್ಕಕ್ಕೆ ಅನಿಲ ಕಡಿಮೆ. ಚಿಕ್ಕಮ್ಮನಿಗೆ ಇದನ್ನೆಲ್ಲಾ ವಿವರಿಸಿದೆ. "ತೇಗು ಬಿಡೇ, ನೀರಿಗೇನ್ ಮಾಡ್ಲಿ ಹೇಳು" ಎಂದಳು.

ಅಲ್ಲಿಗೆ ನನ್ನ ಪಾಂಡಿತ್ಯ ಮುಗಿಯಿತು. ಹಾಲು ಕರೆಯುವ ಸೀಮೆ ಹಸು ಬೇಸಿಗೆಯಲ್ಲಿ ದಿನಕ್ಕೆ ಅರವತ್ತು ಎಪ್ಪತ್ತು ಲೀಟರು ಕುಡಿಯುತ್ತದೆ. ಸೀಮೆಹುಲ್ಲು ಬೆಳೆಯಲು ಬೇಕಾಗುವ ನೀರು ಅದಕ್ಕಿಂತ ಎಷ್ಟೋ ಹೆಚ್ಚು. ಇಲ್ಲಿ ಬೋರು ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. ಗೋಮಾಳದ ಜಾಗದಲ್ಲಿ ನೀಲಗಿರಿ ನೆಟ್ಟರು. ಅದರ ಕೆಳಗೆ ಹುಲ್ಲು ಹುಟ್ಟದು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧಿ ಮಾಡಿ ಇಲ್ಲಿನ ಕೆರೆಗಳಿಗೆ ಬಿಡುತ್ತಿದ್ದಾರೆ, ಕೆ.ಸಿ. ವ್ಯಾಲಿ ನೀರು ಎನ್ನುತ್ತಾರೆ. ನಾವು ಬಚ್ಚಲಿಗೆ ಬಿಟ್ಟದ್ದೇ! ಕೆರೆ ತುಂಬಿದ ಊರುಗಳಲ್ಲಿ ಬತ್ತಿದ ಬೋರು ಮತ್ತೆ ನೀರು ಕೊಟ್ಟಿದೆ ಎಂದು ರೈತರು ಸಂತೋಷಪಡುತ್ತಾರೆ. ಮೂರನೆಯ ಹಂತದ ಶುದ್ಧಿಯೂ ಆಗಲಿ, ಮೇವಿಗೆ ಹಾಲಿಗೆ ಏನು ಸೇರುತ್ತದೋ ಎಂದು ಕೇಳುವವರೂ ಇದ್ದಾರೆ. ಅವರ ಮಾತು ನನಗೆ ಸರಿಯೆನಿಸಿತು. ಚಿಕ್ಕಮ್ಮನ ಊರಿನ ಕೆರೆಗಂತೂ ಆ ನೀರು ಬಂದಿಲ್ಲ. ಅವಳು ಟ್ಯಾಂಕರಿಗೆ ದುಡ್ಡು ಕೊಡುತ್ತಾಳೆ.

ಸಂಜೆ ಅವಳ ಜೊತೆ ಡೈರಿಗೆ ಹೋದೆ. ಊರಿನ ಸಂಘಕ್ಕೆ ಅಲ್ಲಿ ಎಲ್ಲರೂ ಡೈರಿ ಎನ್ನುವುದೇ. ಸಾಲಿನಲ್ಲಿ ನಿಂತವರಲ್ಲಿ ಹೆಂಗಸರೇ ಹೆಚ್ಚು. ಮೆಷಿನ್ನು ಕೊಬ್ಬನ್ನೂ ಎಸ್.ಎನ್.ಎಫ್. ಅನ್ನೂ ಕ್ಷಣದಲ್ಲಿ ತೋರಿಸಿ ಚೀಟಿ ಕೊಡುತ್ತದೆ. ಹದಿನೈದು ದಿನಕ್ಕೊಮ್ಮೆ ಬಟವಾಡೆ. ಸರ್ಕಾರದ ಐದು ರೂಪಾಯಿ ಪ್ರೋತ್ಸಾಹಧನ ಬಂದಾಗ ಬಂತು. ಚಿಕ್ಕಮ್ಮನ ದುಡ್ಡು ಅವಳ ಖಾತೆಗೇ ಬೀಳುತ್ತದೆ. ತಮ್ಮನ ವಾದವೂ ತಪ್ಪಲ್ಲ. ನರಸಾಪುರದ ಕಾರ್ಖಾನೆಯಲ್ಲಿ ಅವನಿಗೆ ತಿಂಗಳ ಸಂಬಳ, ಹಿಂಡಿ ಬೂಸಾ ಟ್ಯಾಂಕರು ಕಳೆದರೆ ಹಾಲಿನಲ್ಲಿ ಉಳಿಯುವುದೆಷ್ಟು ಎಂದು ಪೆನ್ನು ಹಿಡಿದು ತೋರಿಸಿದ. ಅಮ್ಮನ ಕೂಲಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದನ್ನು ಹಿಡಿದರೆ ಏನೂ ಉಳಿಯುವುದಿಲ್ಲ ಎಂದು ನಾನೂ ಬಾಯಿ ಬಿಡಲಿಲ್ಲ.

"ನಿನ್ ಸಂಬಳ ನಿಂದು. ನಂಗೊಂದು ಸೀರೆ ಬೇಕಂದ್ರೆ ನಿನ್ನ ಕೇಳ್ಬೇಕಾ?" ಎಂದಳು ಚಿಕ್ಕಮ್ಮ. ತಮ್ಮ ಎದ್ದು ಹೊರಗೆ ಹೋದ.

ಆ ರಾತ್ರಿ ನಾವಿಬ್ಬರೂ ಕೂತು ಬೇರೆ ಲೆಕ್ಕ ಹಾಕಿದೆವು. ರಾಗಿಯನ್ನು ಮೆಷಿನ್ನಿನಲ್ಲಿ ಕೊಯ್ಸಿದರೆ ಅರ್ಧ ಹುಲ್ಲು ಹೊಲದಲ್ಲೇ ಹೋಗುತ್ತದೆ. ಈ ಸಲ ಆಳು ಹಿಡಿದು ಕೊಯ್ಸುವುದು. ಹುಲ್ಲನ್ನು ಇಡಿಯಾಗಿ ಹಾಕಿದರೆ ಹಸು ತುಳಿದು ಹಾಳುಮಾಡುತ್ತದೆ. ಕತ್ತರಿಸುವ ಯಂತ್ರಕ್ಕೆ ಸಂಘದಲ್ಲಿ ವಿಚಾರಿಸುವುದು. ಮಳೆ ಬಿದ್ದಾಗ ಜೋಳ ಬೆಳೆದು, ಹಾಲುಗಾಳಿನಲ್ಲೇ ಕತ್ತರಿಸಿ, ಗುಂಡಿಯಲ್ಲಿ ಒತ್ತಿ ಮುಚ್ಚಿಟ್ಟರೆ ಬೇಸಿಗೆಗೆ ಉಪ್ಪಿನಕಾಯಿಯಂತೆ ಉಳಿಯುತ್ತದೆ. ಮನೆಯ ಮಾಳಿಗೆಯ ನೀರನ್ನು ತೊಟ್ಟಿಗೆ ಇಳಿಸುವುದು. ಆದರೂ ಮೂರು ಹಸುವಿಗೆ ಲೆಕ್ಕ ಕೂಡಲಿಲ್ಲ, ಎರಡಕ್ಕೆ ಕೂಡಿತು.

ಅಂದ ಹಾಗೆ, ಒಂದು ಸಣ್ಣ ವಿಷಯ. ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯಬೇಡಿ, ಅಂಟಿಕೊಂಡೇ ಇರಲಿ. ಆ ಚೂರುಗಳನ್ನು ಯಾರೂ ಆಯುವುದಿಲ್ಲ, ಕಡೆಗೆ ಚರಂಡಿ ಸೇರುತ್ತವೆ. ನಮ್ಮ ಚರಂಡಿ ನೀರು ಎಲ್ಲಿಗೆ ಹೋಗುತ್ತದೆ ಎಂದು ಈಗ ನಿಮಗೆ ಗೊತ್ತಲ್ಲ!

ಬರುವಾಗ ಚಿಕ್ಕಮ್ಮ ಒಂದು ಬಾಟಲಿ ತುಪ್ಪ ಕೊಟ್ಟಳು. ಕಳೆದ ವಾರ ಫೋನು ಮಾಡಿದ್ದೆ. ಒಂದನ್ನು ಕೊಟ್ಟಳಂತೆ, ಎರಡನ್ನು ಉಳಿಸಿಕೊಂಡಳಂತೆ. ಯಾವುದನ್ನು ಕೊಟ್ಟೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವಳೂ ಹೇಳಲಿಲ್ಲ. "ಗ್ಯಾಸಿಗೆ ಸಗಣಿ ಸಾಲ್ದು ಕಣೇ, ಪಕ್ಕದ ಮನೆಯೋರನ್ನ ಕೇಳಿದೀನಿ. ಒಂದು ಮಂಕರಿ ಕೊಡ್ತಾರಂತೆ, ಬದಲಿಗೆ ಬಗ್ಗಡ ಕೊಡ್ಬೇಕಂತೆ" ಎಂದಳು.