ಅಟ್ಟದ ಮೇಲಿನ ಕಾಯಿ

ತಿಪಟೂರು ಸೀಮೆಯ ಉಂಡೆ ಕೊಬ್ಬರಿ ಒಂದೆರಡು ದಿನದಲ್ಲಿ ಆಗುವ ವಸ್ತುವಲ್ಲ. ಬಲಿತ ಕಾಯಿಯನ್ನು ಸುಲಿಯದೆ ಹಾಗೆಯೇ ಅಟ್ಟಕ್ಕೆ ಹಾಕಬೇಕು. ಹತ್ತು ಹನ್ನೊಂದು ತಿಂಗಳಲ್ಲಿ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಬಿಡಿಯಾಗುತ್ತದೆ. ಆಗ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರೆ ಲೊಟಲೊಟ ಎನ್ನುತ್ತದೆ. ಹಂದನಕೆರೆಯ ಆ ಮನೆಯಲ್ಲಿ ಆ ಸದ್ದು ಕೇಳಿ ‘ಆಯಿತು’ ಅಥವಾ ‘ಇನ್ನೂ ತಿಂಗಳು ಬೇಕು’ ಎಂದು ಹೇಳಬಲ್ಲವರು ಒಬ್ಬರೇ ಇದ್ದರು. ಅವರೇ ಚಿಕ್ಕಪ್ಪ. 2022ರ ಕಾರ್ತಿಕದಲ್ಲಿ ಅಟ್ಟ ತುಂಬಿಸಿದವರೂ ಅವರೇ. ಆ ಕಾಯಿ ಸದ್ದು ಮಾಡುವ ಹೊತ್ತಿಗೆ ಅವರು ಇರಲಿಲ್ಲ.

ತಂದೆ ಬೇಗ ಹೋದ ಮನೆ ಅದು. ಇಬ್ಬರು ಗಂಡುಮಕ್ಕಳಲ್ಲಿ ಒಬ್ಬ ಓದಬಹುದಿತ್ತು, ಇನ್ನೊಬ್ಬ ತೋಟ ನೋಡಬೇಕಿತ್ತು. ‘ಅಣ್ಣ ಓದ್ಲಿ ಬಿಡವ್ವ, ನಂಗೆ ಲೆಕ್ಕ ಹತ್ತಲ್ಲ’ ಎಂದು ತಮ್ಮ ಎಸ್ಸೆಸ್ಸೆಲ್ಸಿಗೇ ಶಾಲೆ ಬಿಟ್ಟ. ಅಣ್ಣ ಮೇಷ್ಟ್ರಾದರು. ಲೆಕ್ಕ ಹತ್ತದ ತಮ್ಮನೇ ಮುಂದೆ ಎಷ್ಟು ಮರ, ಯಾವ ಮರದ ಕಾಯಿ ಎಷ್ಟು ತೂಗುತ್ತದೆ, ಯಾರಿಗೆ ಎಷ್ಟು ಕೂಲಿ ಬಾಕಿ ಎಂಬುದನ್ನೆಲ್ಲ ತಲೆಯಲ್ಲಿಟ್ಟುಕೊಂಡು ಮೂವತ್ತೈದು ವರ್ಷ ಸಂಸಾರ ತೂಗಿಸಿದರು. ಮದುವೆಯಾಗಲಿಲ್ಲ. ಕೇಳಿದವರಿಗೆ, ‘ಇಷ್ಟು ಮರ ಸಾಕಿದ್ದೀನಲ್ಲ, ಸಾಲದಾ?’ ಎಂದು ನಗುತ್ತಿದ್ದರು.

ಅಣ್ಣನ ಮಗಳಿಗೆ ಅವರೇ ಎಲ್ಲ. ತಿಪಟೂರಿನ ಮಂಡಿಗೆ ಹೋಗಿ ಬಂದ ದಿನ ಟಿವಿಎಸ್ಸಿನ ಮುಂದೆ ತೂಗುಹಾಕಿದ ಚೀಲದಲ್ಲಿ ಖಾರದ ಪೊಟ್ಟಣದ ಜೊತೆ ಎರಡು ನೋಟ್‌ಬುಕ್ಕು ಇದ್ದೇ ಇರುತ್ತಿದ್ದವು. ‘ನಮ್ಮ ತಾಲ್ಲೂಕಿನ ತೀರ್ಥಪುರದವರು ಕಣವ್ವ ತೀನಂಶ್ರೀ. ರಾಷ್ಟ್ರಪತಿ ಅನ್ನೋ ಮಾತು ಕೊಟ್ಟೋರು ಅವರೇ ಅಂತಾರೆ. ತೆಂಗಿನ ಸೀಮೆಯಲ್ಲಿ ಬರೀ ಕೊಬ್ಬರಿ ಬೆಳೆಯಲ್ಲ’ ಎಂದು ಹೇಳುತ್ತಿದ್ದರು. ಅವರು ತೀನಂಶ್ರೀಯವರ ಪುಸ್ತಕ ಓದಿದವರಲ್ಲ. ಆದರೆ ಮಗು ಓದಲಿ ಎಂಬ ಆಸೆ ಮಾತ್ರ ಆ ಹೆಸರಿನಷ್ಟೇ ದೊಡ್ಡದಾಗಿತ್ತು.

ಅಟ್ಟ ತುಂಬಿಸಿ ಮುಗಿಸಿದ ಸಂಜೆ ಎದೆ ಹಿಡಿದಂತಾಗುತ್ತಿದೆ ಎಂದರು. ಎಡತೋಳು ಎಳೆಯುತ್ತಿತ್ತು, ಮೈ ಬೆವರುತ್ತಿತ್ತು. ದಿನವೆಲ್ಲ ಚೀಲ ಹೊತ್ತವರಿಗೆ ತೋಳು ನೋಯುವುದು, ಬೆವರುವುದು ಯಾರಿಗೂ ವಿಶೇಷವೆನಿಸಲಿಲ್ಲ. ‘ಗ್ಯಾಸ್ಟ್ರಿಕ್ಕು ಕಣೋ, ಮಧ್ಯಾಹ್ನ ಉಣ್ಣಲಿಲ್ಲವಲ್ಲ’ ಎಂದು ಅಣ್ಣ ಓಂಕಾಳು ಕುದಿಸಿದ ನೀರು ಕೊಡಿಸಿ, ಮಾತ್ರೆ ನುಂಗಿಸಿ ಮಲಗಿಸಿದರು. ‘ಏನಿಲ್ಲ ಕಣಣ್ಣ, ನೀನೂ ಮಲಕ್ಕೊ ಹೋಗು’ ಎಂದದ್ದೇ ಕೊನೆಯ ಮಾತು. ಬೆಳಿಗ್ಗೆ ಕಾಫಿ ತೆಗೆದುಕೊಂಡು ಹೋದ ಅತ್ತಿಗೆಯ ಕೂಗಿಗೆ ಬೀದಿಯೇ ನೆರೆಯಿತು. ಐವತ್ತನಾಲ್ಕು ಸಾಯುವ ವಯಸ್ಸಲ್ಲ.

ಅದಕ್ಕೆ ಒಂದು ವರ್ಷದ ಹಿಂದೆ, 2021ರ ಅಕ್ಟೋಬರ್ 29ರಂದು, ನಟ ಪುನೀತ್ ರಾಜ್‌ಕುಮಾರ್ ನಲವತ್ತಾರನೇ ವಯಸ್ಸಿಗೆ ಹೃದಯ ನಿಂತು ಹೋದಾಗ ಈ ಮನೆಯವರೆಲ್ಲ ಟಿವಿಯ ಮುಂದೆ ಕುಳಿತು ಅತ್ತಿದ್ದರು. ಚಿಕ್ಕಪ್ಪನೂ ಅತ್ತಿದ್ದರು. ಆದರೂ ತಮ್ಮ ಮನೆಯಲ್ಲಿ ಬಂದ ನೋವನ್ನು ಯಾರೂ ಗುರುತಿಸಲಿಲ್ಲ. ಎದೆ ಹಿಡಿತ, ತೋಳಿಗೆ ಇಳಿಯುವ ನೋವು, ತಣ್ಣನೆಯ ಬೆವರು ಇವು ಹೃದಯಾಘಾತದ ಲಕ್ಷಣಗಳೆಂದು ಮಕ್ಕಳಿಗೆ ಪಾಠ ಹೇಳಿದ್ದ ಮೇಷ್ಟ್ರಿಗೆ ತಮ್ಮನ ಮುಖ ನೋಡಿದಾಗ ಅದು ಹೊಳೆಯಲಿಲ್ಲ. ‘ನಾನೇ ಮಲಗಿಸಿದೆ’ ಎಂಬ ಒಂದು ಮಾತನ್ನು ಬಿಟ್ಟರೆ ಅವರು ತಿಂಗಳುಗಟ್ಟಲೆ ಬೇರೇನೂ ಆಡಲಿಲ್ಲ. ತೋಟವನ್ನು ಗುತ್ತಿಗೆಗೆ ಕೊಟ್ಟುಬಿಡುವ ಯೋಚನೆಯೂ ಬಂತು.

ತಡೆದದ್ದು ಅಂಗಿಯ ಜೇಬಿನ ಒಂದು ಸಣ್ಣ ಪುಸ್ತಕ. ಬೀರುವಿನಿಂದ ಅಂಗಿ ತೆಗೆಯುವಾಗ ಮಗಳಿಗೆ ಅದು ಸಿಕ್ಕಿತು. ಕೂಲಿಯವರ ಬಾಕಿ, ಗೊಬ್ಬರದ ಲೆಕ್ಕ, ಕೊನೆಯ ಪುಟದಲ್ಲಿ ಬಳಪದಷ್ಟು ದಪ್ಪ ಅಕ್ಷರದಲ್ಲಿ ‘ಈ ಅಟ್ಟ ಮಗಳ ಎಮ್ಮೆಸ್ಸಿಗೆ’ ಎಂದಿತ್ತು. ತುಮಕೂರಿನಲ್ಲಿ ಬಿಎಸ್ಸಿ ಕೊನೆಯ ವರ್ಷದಲ್ಲಿದ್ದ ಅವಳು ಓದು ಇಷ್ಟಕ್ಕೇ ಸಾಕು, ಕೆಲಸ ಹುಡುಕುತ್ತೇನೆ ಎಂದು ಆ ಹೊತ್ತಿಗೆ ತೀರ್ಮಾನಿಸಿದ್ದಳು. ಮೇಷ್ಟ್ರು ಪುಟವನ್ನು ಎರಡು ಸಲ ಓದಿ, ‘ಲೆಕ್ಕ ಹತ್ತಲ್ಲ ಅಂದಿದ್ದ’ ಎಂದರು. ಅಂದು ಅವರು ಜೋರಾಗಿ ಅತ್ತರು. ಮರುದಿನ ತೋಟಕ್ಕೆ ಹೊರಟರು.

ಅರವತ್ತು ದಾಟಿದ ಮೇಷ್ಟ್ರು ವಿದ್ಯಾರ್ಥಿಯಾದರು. ಕಾಯಿ ಕೀಳುವವರನ್ನು, ಸುಲಿಯುವವರನ್ನು ಕೇಳಿ ಕೇಳಿ ಕಲಿತರು. ರಜೆಗೆ ಬಂದ ಮಗಳು ಅಟ್ಟ ಹತ್ತಿ ಕಾಯಿ ಅಲುಗಾಡಿಸುವಳು, ಕೆಳಗೆ ನಿಂತ ಅಪ್ಪ ಕಿವಿಗೊಡುವರು. ಮೊದಲಿಗೆ ಇಬ್ಬರಿಗೂ ಎಲ್ಲ ಸದ್ದೂ ಒಂದೇ.

ವರ್ಷದ ಕಾರ್ಯದ ಹೊತ್ತಿಗೆ ಕಾಯಿ ಆಗಿತ್ತು, ಬೆಲೆ ಬಿದ್ದಿತ್ತು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ತಿಪಟೂರು ಮಾರುಕಟ್ಟೆಯಲ್ಲಿ ಸಿಗುತ್ತಿದ್ದುದು ಅದಕ್ಕಿಂತ ಬಹಳ ಕಡಿಮೆ. ಎಮ್ಮೆಸ್ಸಿ ಪ್ರವೇಶಕ್ಕೆ ಬೇಕಾದಷ್ಟನ್ನು ಮಾತ್ರ ಒಡೆಸಿ ಮಾರಿದರು. ಉಳಿದದ್ದನ್ನು ಸುಲಿಯದೆ ಬಿಟ್ಟು, 2024ರಲ್ಲಿ 12,000 ರೂಪಾಯಿ ಬೆಂಬಲ ಬೆಲೆ ಮತ್ತು ರಾಜ್ಯದ 1,500 ರೂಪಾಯಿ ಸೇರಿಸಿ ಖರೀದಿ ನಡೆದಾಗ ಕೊಟ್ಟರು. ಚಿಕ್ಕಪ್ಪ ಇದ್ದಿದ್ದರೆ ಇನ್ನೂ ಚೆನ್ನಾಗಿ ಮಾಡುತ್ತಿದ್ದರೇನೋ. ಆದರೂ ಫೀಸಿಗೆ ಸಾಲ ಮಾಡಲಿಲ್ಲ.

ಪುನೀತ್ ಹೆಸರಿನಲ್ಲಿ ರಾಜ್ಯ ಸರ್ಕಾರ ಆಮೇಲೆ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ತಜ್ಞರ ಸಲಹೆ ಪಡೆದು, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡು ಅದು. ಆದರೆ ಆಸ್ಪತ್ರೆ ಎಷ್ಟೇ ಸಿದ್ಧವಾಗಿದ್ದರೂ ಮನೆಯವರು ಹೊತ್ತು ಕಳೆಯದೆ ಎಬ್ಬಿಸಿ ಕರೆದೊಯ್ಯಬೇಕು. ಮೇಷ್ಟ್ರು ಈಗ ಸಿಕ್ಕವರಿಗೆಲ್ಲ ಇದನ್ನೇ ಹೇಳುತ್ತಾರೆ. ಒಂದು ರಾತ್ರಿ ಪಕ್ಕದ ಮನೆಯವರು ಎದೆಯುರಿ ಎಂದದ್ದೇ ತಡ, ಬೇಡ ಬೇಡವೆಂದರೂ ಕೇಳದೆ ಆಟೋದಲ್ಲಿ ಕೂರಿಸಿಕೊಂಡು ಚಿಕ್ಕನಾಯಕನಹಳ್ಳಿಗೆ ಹೋದರು. ಇಸಿಜಿ ಸರಿಯಾಗಿತ್ತು, ಬರೀ ಗ್ಯಾಸ್ಟ್ರಿಕ್ಕು. ‘ಸುಮ್ಮನೆ ನಿದ್ದೆ ಕೆಡಿಸಿದ್ರಿ ಮೇಷ್ಟ್ರೇ’ ಎಂದು ಅವರು ನಕ್ಕರು. ಮೇಷ್ಟ್ರೂ ನಕ್ಕರು. ತಮ್ಮ ಹೋದ ಮೇಲೆ ಅವರು ಹಾಗೆ ನಕ್ಕದ್ದು ಅದೇ ಮೊದಲು ಎಂದು ಅವರ ಹೆಂಡತಿ ಹೇಳುತ್ತಾರೆ.

ಆ ಮನೆಯ ಅಟ್ಟದ ತೊಲೆಯ ಮೇಲೆ ಸೀಮೆಸುಣ್ಣದ ಗುರುತುಗಳಿವೆ. ಯಾವ ರಾಶಿ ಯಾವಾಗ ಹಾಕಿದ್ದು ಎಂದು ಚಿಕ್ಕಪ್ಪ ಬರೆದಿಟ್ಟ ಓರೆಕೋರೆ ಅಕ್ಷರಗಳು. ಅವುಗಳ ಕೆಳಗೆ ಮೇಷ್ಟ್ರ ದುಂಡು ಅಕ್ಷರ ಶುರುವಾಗುತ್ತದೆ. ಸುಣ್ಣ ಬಳಿಯಲು ಬಂದವರಿಗೆ ಆ ತೊಲೆಯನ್ನು ಮುಟ್ಟಬೇಡಿ ಎಂದು ಮಗಳು ಮೊದಲೇ ಹೇಳಿಟ್ಟಿದ್ದಾಳೆ.